ಮುಟ್ಟು ನಿಂತವರ ತಟ್ಟೆಗೆ ದೊಡ್ಡಮ್ಮನ ಕಿವಿಮಾತು

ಮುಟ್ಟು ನಿಂತಿತು, ರಗಳೆ ಕಳೀತು ಅಂತ ಹಗುರಾಗಿದ್ದೀಯ. ಸರಿ ಕಣೇ. ಆದರೆ ಈಸ್ಟ್ರೋಜನ್ ಇಳಿದ ಮೇಲೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತೆ, ಬೊಜ್ಜು ಹೊಟ್ಟೆಗೆ ಬಂದು ಕೂರುತ್ತೆ, ಬಿಪಿಯೂ ತಲೆ ಎತ್ತುತ್ತೆ, ಇದೆಲ್ಲಾ ಹೃದಯಕ್ಕೆ ಹೊರೆ. ಅಂಡಾಶಯ ತೆಗೆಸಿಕೊಂಡವರಿಗೆ ಇದು ನಲವತ್ತಕ್ಕೇ ಶುರುವಾಗಬಹುದು, ನಿನ್ನ ನಾದಿನಿಗೂ ಹೇಳು.

• ಪಾತ್ರೆ ಬಳಿದು ತಿನ್ನೋದನ್ನು ಮೊದಲು ಬಿಡು. ಎಲ್ಲರದೂ ಆದ ಮೇಲೆ ಉಳಿದ ಎರಡು ಸೌಟು ಅನ್ನ, ಮಗು ಬಿಟ್ಟ ಅರ್ಧ ದೋಸೆ, ಚೆಲ್ಲಬಾರದು ಅಂತ ನಿಂತಲ್ಲೇ ಬಾಯಿಗೆ. ಪಲ್ಯ ಮಾತ್ರ ಅಷ್ಟೊತ್ತಿಗೆ ಖಾಲಿ! ನಿನ್ನ ಪಾಲಿನ ಸೊಪ್ಪು, ಕಾಳು ಬಡಿಸೋಕೆ ಮುಂಚೆಯೇ ಬಟ್ಟಲಿಗೆ ತೆಗೆದಿಡು. ಯಾರಾದರೂ ಏನಾದರೂ ಅಂದರೆ ಅನ್ನಲಿ.

• ರಾಗಿ ಒಳ್ಳೇದು, ಮೂಳೆಗೂ ಬೇಕು. 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಗಂತ ಮುದ್ದೆ ದೊಡ್ಡದು ಬೇಡ. ಮುದ್ದೆ ಚಿಕ್ಕದಿರಲಿ, ಬಸ್ಸಾರಿನ ಜೊತೆ ಪಲ್ಯ ಜಾಸ್ತಿ ಇರಲಿ. ಹುರುಳಿ, ಹೆಸರು, ಅಲಸಂದೆ ಬದಲಾಯಿಸ್ತಾ ಇರು.

• ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಎಲ್ಲಾ ಸೇರಿ ಒಂದು ಟೀ ಚಮಚ. ಸಾರಿಗೆ ಕಮ್ಮಿ ಹಾಕಿ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಇಟ್ಟುಕೊಂಡರೆ ಏನು ಬಂತು? ಸೋಡಿಯಂ ಕಮ್ಮಿ ಅಂತ ಮಾರೋ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತೆ. ಕಿಡ್ನಿ ತೊಂದರೆ ಇದ್ದರೆ, ಬಿಪಿ ಮಾತ್ರೆ ನುಂಗ್ತಿದ್ದರೆ ಡಾಕ್ಟರನ್ನು ಕೇಳದೆ ತರಬೇಡ.

• ಪೂರಿ ಕರಿದ ಎಣ್ಣೆ ಮತ್ತೆ ಒಗ್ಗರಣೆಗೆ ಬೇಡ, ಡಾಲ್ಡಾ ಮನೆಗೇ ಬೇಡ. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ನಾನಂತೂ ಬಿಟ್ಟಿಲ್ಲ.

• ಮೀನು ತಿನ್ನೋರು ವಾರಕ್ಕೆರಡು ಸಲ ಬಂಗುಡೆಯೋ ಬೂತಾಯಿಯೋ ಸಾರು ಮಾಡಿ, ಕರೀಬೇಡಿ. ತಿನ್ನದವರಿಗೆ ಉತ್ತರ ಕರ್ನಾಟಕದವರ ಅಗಸಿ ಚಟ್ನಿಪುಡಿ ಇದೆ, ಉಪ್ಪು ಹಿಡಿತದಲ್ಲಿ.

• ಸಂಕಷ್ಟಿ ಉಪವಾಸ ಅಂತ ಹಗಲೆಲ್ಲಾ ಕಾಫಿ, ಸಬ್ಬಕ್ಕಿ ಖಿಚಡಿ, ರಾತ್ರಿ ಚಂದ್ರನ ನೋಡಿ ಮೋದಕ. ಇದು ಉಪವಾಸವಾ? ಸಕ್ಕರೆ ಕಾಯಿಲೆ ಮಾತ್ರೆ ಇರೋರು ಹೊಟ್ಟೆ ಖಾಲಿ ಬಿಡೋ ಮುಂಚೆ ಡಾಕ್ಟರ ಹತ್ತಿರ ಮಾತಾಡಿ.

• ಟೇಪು ಹಿಡಿದು ಸೊಂಟ ಅಳೆದುಕೋ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಸೀರೆ ಉಡೋರಿಗೆ ಬೊಜ್ಜು ಬೆಳೆದದ್ದೇ ಗೊತ್ತಾಗಲ್ಲ, ನೆರಿಗೆ ಒಂದು ಕಮ್ಮಿ ಆಗುತ್ತೆ ಅಷ್ಟೆ.

• ಹೃದಯ ಉಳಿಯುತ್ತೆ ಅಂತ ಯಾರೋ ಹೇಳಿದರು ಅಂತ ಹಾರ್ಮೋನ್ ಮಾತ್ರೆ ಶುರು ಮಾಡಬೇಡ. ಬಿಸಿಯೇರಿ ಬೆವರುವುದು ತಡೆಯೋಕಾಗದಿದ್ದರೆ ಅದು ಬೇರೆ ಮಾತು, ವೈದ್ಯರನ್ನು ಕೇಳು.

• ಹೃದಯಾಘಾತ ಅಂದರೆ ಎದೆ ಹಿಡಿದುಕೊಂಡು ಬೀಳೋದು ಅಂತ ಸಿನಿಮಾ ನೋಡಿ ಕಲಿತಿದ್ದೀವಿ. ಹೆಂಗಸರಿಗೆ ಎಷ್ಟೋ ಸಲ ದವಡೆ ನೋವು, ಬೆನ್ನು ನೋವು, ವಾಕರಿಕೆ, ಏದುಸಿರು, ಕಾರಣವಿಲ್ಲದ ಸುಸ್ತು. ಜೀರಿಗೆ ಕಷಾಯ ಕುಡಿದು ಮಲಗಬೇಡ, 108ಕ್ಕೆ ಫೋನ್ ಮಾಡು. ಗ್ಯಾಸ್ಟ್ರಿಕ್ಕು ಅಂತ ಇಸಿಜಿ ನೋಡಿ ಡಾಕ್ಟರು ಹೇಳಲಿ, ನೀನೇ ಹೇಳಿಕೊಳ್ಳಬೇಡ.