ಇಂದಿನ ಧಮ್ಮ ಚಿಂತನೆ: ಬಲಪ್ರಯೋಗ ಐದನೆಯದು



ಹಳೆಯ ಗಾಡಿಯ ಬೋಲ್ಟು ಬರದಿದ್ದಾಗ ನಮಗೆ ಮೊದಲು ನೆನಪಾಗುವುದು ಉದ್ದನೆಯ ಪೈಪು. ಅದನ್ನು ಸ್ಪ್ಯಾನರಿಗೆ ಸಿಕ್ಕಿಸಿ ಜೋರಾಗಿ ಎಳೆಯುತ್ತೇವೆ. ಬೋಲ್ಟು ತಿರುಗುವ ಬದಲು ಅದರ ತಲೆ ಮುರಿದು ಕೈಗೆ ಬರುತ್ತದೆ. ಉಳಿದರ್ಧ ಒಳಗೇ ಕೂರುತ್ತದೆ.

ಕಸುಬು ಬಲ್ಲವರ ಕ್ರಮ ಬೇರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಮೆಕ್ಯಾನಿಕ್. ನಮ್ಮ ಅಪ್ಪನ ಕಾಲದ ಬೈಕಿನ ಸೈಲೆನ್ಸರ್ ಬಿಚ್ಚುವಾಗ ಅವನ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿದ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, "ನಾಳೆ ಬನ್ನಿ ಸಾರ್" ಎಂದ. ಮರುದಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಆ ಅದುರಿಗೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ಆಮೇಲೆ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರವಿಟ್ಟು ಬಿಸಿ ಕೊಟ್ಟ. ಎಂಜಿನ್ನಿನ ಹೆಡ್ಡು ಅಲ್ಯುಮಿನಿಯಂ, ಸ್ಟಡ್ಡು ಉಕ್ಕು. ಬಿಸಿಗೆ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು 2 ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ಬಿಚ್ಚುವ ಮುಂಚೆ ಒಂದಿಷ್ಟು ಬಿಗಿ ಮಾಡಿದ, ಆಮೇಲೆ ಸಡಿಲಿಸಿದ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ಒಂದನ್ನು ಹೊರತಂದ.

ಇನ್ನೊಂದು ಮೊದಲೇ ಒಳಗೆ ಮುರಿದುಹೋಗಿತ್ತು. ಅದರ ನಡುಮಧ್ಯೆ ಪಂಚ್ ಹೊಡೆದು ಸಣ್ಣ ಡ್ರಿಲ್ಲಿನಿಂದ ತೂತು ಕೊರೆದು, ಉಲ್ಟಾ ಥ್ರೆಡ್ಡಿನ ಎಕ್ಸ್‌ಟ್ರಾಕ್ಟರ್ ಇಳಿಸಿದ. ಎಡಕ್ಕೆ ತಿರುಗಿಸಿದಷ್ಟೂ ಅದು ಮುರಿದ ತುಂಡನ್ನು ಕಚ್ಚಿಕೊಂಡು ಹೊರಗೆ ತರುತ್ತದೆ. ಇಲ್ಲೂ ಆತುರ ಸಲ್ಲದು. ಎಕ್ಸ್‌ಟ್ರಾಕ್ಟರ್ ಬಹಳ ಗಡಸು ಉಕ್ಕಿನದು. ಅದೇ ಒಳಗೆ ಮುರಿದರೆ ಸಾಧಾರಣ ಡ್ರಿಲ್ಲಿಗೆ ಜಗ್ಗುವುದಿಲ್ಲ.

ಭಗವಾನ್ ಬುದ್ಧರು ಇದೇ ಮಾತನ್ನು ಬಡಗಿಯ ಉದಾಹರಣೆಯಿಂದ ಹೇಳಿದ್ದಾರೆ. ಮಜ್ಝಿಮ ನಿಕಾಯದ 20ನೇ ಸುತ್ತದಲ್ಲಿ, ಕಾಡುವ ಯೋಚನೆಯನ್ನು ತೆಗೆಯಲು 5 ದಾರಿಗಳಿವೆ. ಒಂದು, ದಪ್ಪ ಬೆಣೆಯನ್ನು ಬಡಗಿ ಸಣ್ಣ ಬೆಣೆಯಿಂದ ಹೊರದೂಡುವಂತೆ, ಕೆಟ್ಟ ಯೋಚನೆಯ ಜಾಗಕ್ಕೆ ಒಳ್ಳೆಯದನ್ನು ತರುವುದು. ಎರಡು, ಅದರಿಂದಾಗುವ ಕೇಡನ್ನು ಕಾಣುವುದು. ಮೂರು, ಅದರತ್ತ ಗಮನ ಕೊಡದಿರುವುದು. ನಾಲ್ಕು, ಬಿರಬಿರನೆ ನಡೆಯುವವನು ನಿಧಾನಿಸಿ, ನಿಂತು, ಕೂರುವಂತೆ ಅದರ ವೇಗ ಇಳಿಸುವುದು. ಈ ನಾಲ್ಕೂ ಫಲಿಸದಿದ್ದಾಗ ಮಾತ್ರ ಐದನೆಯದು: ಹಲ್ಲು ಕಚ್ಚಿ ಬಲದಿಂದ ಅದನ್ನು ಅದುಮುವುದು. ನಾವು ಪೈಪಿನಿಂದ ಶುರು ಮಾಡುತ್ತೇವೆ. ಬುದ್ಧರು ಅದನ್ನು ಕೊನೆಗಿಟ್ಟರು.

ನಮ್ಮೊಳಗೆ ತುಕ್ಕು ಹಿಡಿದು ಕೂತ ಮಾತುಗಳು ಕಡಿಮೆಯೇ? ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ, "ನಿಮ್ಮವರಿಗೇನು ಬಿಡಿ ಮೇಷ್ಟ್ರೇ, ಎಲ್ಲಾ ಸುಲಭ" ಎಂದಿದ್ದರು. ಎಂ.ಎ.ಗೆ ಓದಿದ ರಾತ್ರಿಗಳನ್ನೆಲ್ಲ ಆ ಒಂದು ಮಾತು ಒರೆಸಿಹಾಕಿತು. ವರ್ಷಗಳಾದರೂ ಅದು ಆಗಾಗ ಒಳಗೆ ಚುಚ್ಚುತ್ತದೆ. ಆಗ ನಾನು, ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತು ಗಟ್ಟಿಯಾಗಿ ಪಾಠ ಓದುವ ಮಕ್ಕಳ ಮುಖ ನೆನೆಯುತ್ತೇನೆ. ನನ್ನ ಸಣ್ಣ ಬೆಣೆ ಅದು. ಆ ಸಿಟ್ಟನ್ನು ತರಗತಿಗೆ ಹೊತ್ತೊಯ್ದರೆ ಬೆಲೆ ತೆರುವವರು ಅದೇ ಮಕ್ಕಳು ಎಂಬುದನ್ನೂ ನೆನೆಯುತ್ತೇನೆ.

ಇದರರ್ಥ ಅವಮಾನವನ್ನು ನುಂಗಿಕೊಳ್ಳಬೇಕೆಂದಲ್ಲ. ಉತ್ತರ ಕೊಡಬೇಕಾದಲ್ಲಿ ಕೊಡಬೇಕು, ಕಾನೂನಿನ ಮೊರೆ ಹೋಗಬೇಕಾದಲ್ಲಿ ಹೋಗಬೇಕು. ಬೋಲ್ಟು ತೆಗೆಯುವುದು ಗಾಡಿಯನ್ನು ಗುಜರಿಗೆ ಹಾಕಲು ಅಲ್ಲ, ಮತ್ತೆ ಓಡಿಸಲು. ತುಂಡು ಬೋಲ್ಟಿಗಾಗಿ ಹೆಡ್ಡಿನ ಥ್ರೆಡ್ಡು ಹಾಳಾಗಬಾರದು. ಯಾರದೋ ಮಾತಿಗಾಗಿ ನಮ್ಮ ಮನಸ್ಸೂ ಹಾಳಾಗಬಾರದು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಅಷ್ಟಾಂಗ ಮಾರ್ಗದ ಪಾಲನೆಯೂ ಒಂದು. ಅದರೊಳಗೆ ಸಮ್ಮಾ ವಾಯಾಮ ಇದೆ. ವಾಯಾಮ ಎಂದರೆ ಪ್ರಯತ್ನ. ಸಮ್ಮಾ ಎಂದರೆ ಸರಿಯಾದ. ಎಷ್ಟು ಬಲ ಹಾಕಿದೆವು ಎಂಬುದರ ಜೊತೆಗೆ, ಯಾವಾಗ, ಯಾವ ಕ್ರಮದಲ್ಲಿ ಹಾಕಿದೆವು ಎಂಬುದೂ ಅದರಲ್ಲಿ ಸೇರಿದೆ.

ಇಂದಿನ ಅಭ್ಯಾಸ: ನಿಮ್ಮೊಳಗೆ ಸಿಕ್ಕಿಕೊಂಡಿರುವ ಒಂದು ಮಾತನ್ನು ಗುರುತಿಸಿ. ಅದನ್ನು ಇವತ್ತೇ ಕಿತ್ತುಹಾಕಲು ಹೋಗಬೇಡಿ. ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ನಿಮ್ಮ ಸಣ್ಣ ಬೆಣೆ ಯಾವುದೆಂದು ನಾಳೆ ಗುಂಪಿನಲ್ಲಿ ಹಂಚಿಕೊಳ್ಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್.