ಮರಳಿ ನೆಲೆಸುವ ಮಾತಿಗೆ ಸಾಕ್ಷಿ

ಸಿಕಂದರಾಬಾದ್



ಅಮೆರಿಕದ ಪೌರರೊಬ್ಬರು ಸಿಕಂದರಾಬಾದಿನಲ್ಲಿ ಸಂಸಾರ ಹೂಡಿ, ಭಾರತದ ಪ್ರಜೆಯಾದ ಹೆಂಡತಿಗೋ ಗಂಡನಿಗೋ ಗ್ರೀನ್ ಕಾರ್ಡ್ ಸ್ಪಾನ್ಸರ್ ಮಾಡಲು ಹೊರಟಾಗ ಎರಡು ಪ್ರಶ್ನೆ ಎದುರಾಗುತ್ತವೆ. ಮದುವೆ ನಿಜವೇ ಎಂಬ ಮೊದಲ ಪ್ರಶ್ನೆಗೆ ಎಲ್ಲರೂ ಸಿದ್ಧರಿರುತ್ತಾರೆ: ಲಗ್ನಪತ್ರಿಕೆ, ಫೋಟೋ ಆಲ್ಬಮ್, ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ. ಸ್ಪಾನ್ಸರ್ ಮಾಡುವವರ ಖಾಯಂ ವಾಸ ಎಲ್ಲಿ ಎಂಬುದು ಎರಡನೆಯ ಪ್ರಶ್ನೆ. ಎಡವುವುದು ಇಲ್ಲಿಯೇ.

ಈ ಪ್ರಶ್ನೆಯ ಮೂಲ 1996ರ ವಲಸೆ ಕಾನೂನು. ಅದರ ಪ್ರಕಾರ 1997ರ ಡಿಸೆಂಬರ್ 19ರಿಂದ ಸ್ಪಾನ್ಸರ್ ಸಹಿ ಹಾಕುವ ಐ-864 ಎಂಬ ಅಫಿಡವಿಟ್ಟು ಬರಿಯ ಭರವಸೆ ಪತ್ರವಾಗಿ ಉಳಿಯದೆ, ಕೋರ್ಟಿನಲ್ಲಿ ಜಾರಿ ಮಾಡಬಹುದಾದ ಕರಾರಾಯಿತು. ಬಂದವರು ಸರ್ಕಾರದ ನೆರವಿಗೆ ಕೈಯೊಡ್ಡಿದರೆ ಆ ಹಣವನ್ನು ಸ್ಪಾನ್ಸರ್‌ನಿಂದ ವಸೂಲು ಮಾಡಬಹುದು. ವಸೂಲು ಮಾಡಬೇಕಾದ ಆಸಾಮಿ ಕೈಗೆ ಸಿಗುವಂತಿರಬೇಕಲ್ಲ! ಆದ್ದರಿಂದ ಸ್ಪಾನ್ಸರ್‌ಗೆ ಅಮೆರಿಕದಲ್ಲಿ ಡೊಮಿಸೈಲ್ ಇರಬೇಕು, ಅಂದರೆ ಮುಂದೆಯೂ ಉಳಿಸಿಕೊಳ್ಳುವ ಇರಾದೆಯ ಮನೆ ಇರಬೇಕು. ನೀಲಿ ಪಾಸ್‌ಪೋರ್ಟು ಪೌರತ್ವಕ್ಕೆ ಸಾಕ್ಷಿಯೇ ಹೊರತು ವಾಸಕ್ಕಲ್ಲ. ನ್ಯೂಜೆರ್ಸಿಯ ಅಣ್ಣ ಜಾಯಿಂಟ್ ಸ್ಪಾನ್ಸರ್ ಆಗಿ ನಿಂತರೆ ಸಾಕು ಎಂಬ ನಂಬಿಕೆ ಬಂಧುಬಳಗದಲ್ಲಿ ಬಲವಾಗಿದೆ, ಅದು ತಪ್ಪು. ಜಾಯಿಂಟ್ ಸ್ಪಾನ್ಸರ್ ವರಮಾನದ ಕೊರತೆ ತುಂಬಬಲ್ಲರು, ಡೊಮಿಸೈಲಿನ ಕೊರತೆಯನ್ನಲ್ಲ. ಪಿಟಿಷನ್ ಹಾಕಿದವರು ತಾವೇ ಅರ್ಹರಾಗಿರಲೇಬೇಕು.

ಅಮೆರಿಕ ಸರ್ಕಾರದ ನೌಕರಿ, ಅಲ್ಲಿನ ಸಂಶೋಧನಾ ಸಂಸ್ಥೆಯ ಕೆಲಸ, ವಿದೇಶ ವ್ಯಾಪಾರದಲ್ಲಿ ತೊಡಗಿದ ಅಮೆರಿಕನ್ ಕಂಪನಿಯ ನಿಯೋಜನೆ ಮುಂತಾದ ಕಾರಣಗಳಿಂದ ತಾತ್ಕಾಲಿಕವಾಗಿ ಹೊರಗಿರುವವರ ಡೊಮಿಸೈಲ್ ಮುರಿಯುವುದಿಲ್ಲ. ಹೈಟೆಕ್ ಸಿಟಿಯ ಭಾರತೀಯ ಘಟಕದಲ್ಲಿ ಸ್ಥಳೀಯ ನೌಕರರಾಗಿ ಸೇರಿ ರೂಪಾಯಿಯಲ್ಲಿ ಸಂಬಳ ಎಣಿಸುವವರು ಈ ವಿನಾಯಿತಿಯನ್ನು ನೆಚ್ಚಿಕೊಳ್ಳದಿರುವುದು ಕ್ಷೇಮ. ಅವರಿಗಿರುವ ದಾರಿ ಬೇರೆ: ಸಂಗಾತಿ ವಲಸಿಗರಾಗಿ ಅಮೆರಿಕ ಪ್ರವೇಶಿಸುವ ದಿನದೊಳಗೆ, ಹೆಚ್ಚೆಂದರೆ ಅದೇ ದಿನ, ತಾವು ಅಲ್ಲಿ ಮತ್ತೆ ನೆಲೆಸುತ್ತೇವೆಂದು ತೋರಿಸಿಕೊಡುವುದು.

ತೋರಿಸುವುದು ಎಂದರೆ ಹೇಳುವುದಲ್ಲ. ‘ಹೋಗಬೇಕೆಂದಿದ್ದೇವೆ’ ಎಂದು ನೋಟರಿ ಮುದ್ರೆ ಒತ್ತಿಸಿದ ಕಾಗದಕ್ಕೆ ತೂಕ ಕಡಿಮೆ. ತಾರೀಖು ಬಿದ್ದ ಕೆಲಸಕ್ಕೆ ತೂಕ ಹೆಚ್ಚು. ಅಲ್ಲಿನ ಬ್ಯಾಂಕಿನಲ್ಲಿ ಖಾತೆ ತೆರೆದು ಹಣ ಸಾಗಿಸಿದ್ದು, ಹೂಡಿಕೆ ಮಾಡಿದ್ದು, ಕೆಲಸಕ್ಕೆ ಅರ್ಜಿ ಹಾಕಿದ್ದು, ಮಕ್ಕಳನ್ನು ಅಲ್ಲಿನ ಶಾಲೆಗೆ ನೋಂದಾಯಿಸಿದ್ದು, ಸೋಷಿಯಲ್ ಸೆಕ್ಯುರಿಟಿ ನಂಬರ್ ಪಡೆದದ್ದು, ಮತ ಹಾಕಿದ್ದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆಫರ್ ಲೆಟರ್ ಇದ್ದರೆ ಅದಕ್ಕೆ ಮೊದಲ ಮಣೆ. ಸ್ವಂತ ಮನೆಯಿಲ್ಲದವರು ಅಣ್ಣನ ಮನೆಯಲ್ಲಿ ಇಳಿಯುವುದಾದರೂ ಅಡ್ಡಿಯಿಲ್ಲ, ಆದರೆ ಅಣ್ಣನ ಪತ್ರ ಒಂದೇ ಸಾಲದು. ಯಾವ ತಿಂಗಳಿಂದ, ಯಾವ ವಿಳಾಸದಲ್ಲಿ, ಯಾವ ಕೋಣೆ ಎಂದು ಪತ್ರದಲ್ಲಿರಬೇಕು. ಜೊತೆಗೆ ಆ ಮನೆಯ ಆಸ್ತಿ ತೆರಿಗೆ ರಸೀದಿ ಅಥವಾ ಬಾಡಿಗೆ ಕರಾರು, ಬರೆದವರ ಗುರುತಿನ ಚೀಟಿ. ಅದೇ ವಿಳಾಸಕ್ಕೆ ಸ್ಪಾನ್ಸರ್‌ನ ಬ್ಯಾಂಕ್ ಸ್ಟೇಟ್‌ಮೆಂಟು ಬರುತ್ತಿದ್ದು, ಡ್ರೈವಿಂಗ್ ಲೈಸೆನ್ಸಿನಲ್ಲೂ ಅದೇ ವಿಳಾಸವಿದ್ದರೆ ಮೂರೂ ಒಂದಕ್ಕೊಂದು ತಾಳೆ ಬೀಳುತ್ತವೆ. ಅಧಿಕಾರಿ ಹುಡುಕುವುದು ಈ ತಾಳೆಯನ್ನೇ.

ಇತ್ತ ಸಿಕಂದರಾಬಾದಿನ ಗಂಟು ಸಡಿಲಾಗುತ್ತಿರುವುದೂ ಕಾಣಬೇಕು. ತಾರ್ನಾಕಾದ ಬಾಡಿಗೆ ಮನೆಗೆ ಕೊಟ್ಟ ನೋಟಿಸು, ರಾಜೀನಾಮೆಯ ಒಕ್ಕಣೆ ಅಥವಾ ಅಮೆರಿಕದ ಕಚೇರಿಗೆ ವರ್ಗದ ಆದೇಶ, ಸಾಮಾನು ಸಾಗಿಸುವವರ ದರಪಟ್ಟಿ, ಮಗುವಿನ ಶಾಲೆಯ ಟಿ.ಸಿ. ಹಾಗೆಂದು ವೀಸಾ ಕೈಗೆ ಬರುವ ಮೊದಲೇ ಕೆಲಸ ಬಿಟ್ಟು ಮನೆ ಮಾರುವುದು ಅವಿವೇಕ. ಕಾನೂನು ಅದನ್ನು ಕೇಳುವುದೂ ಇಲ್ಲ. ಹೊರಡುವ ತಿಂಗಳು ನಿಗದಿಯಾದ, ಒಂದರ ಹಿಂದೊಂದು ಹೊಂದುವ ಯೋಜನೆಯಿದ್ದರೆ ಸಾಕು. ಅದೇ ತಿಂಗಳಲ್ಲಿ ಇಲ್ಲಿ ಮೂರು ವರ್ಷದ ಹೊಸ ಕರಾರಿಗೆ ಸಹಿ ಹಾಕಿದವರ ಯೋಜನೆಯನ್ನು ನಂಬುವುದು ಯಾರಿಗಾದರೂ ಕಷ್ಟ.

ತೆರಿಗೆಯ ವಿಷಯ ಹೆಚ್ಚು ಜನರನ್ನು ಕಂಗೆಡಿಸುತ್ತದೆ. ಅಮೆರಿಕದ ಪೌರರು ಎಲ್ಲಿದ್ದರೂ ಜಗತ್ತಿನಾದ್ಯಂತದ ವರಮಾನ ನಿಗದಿತ ಮಿತಿ ದಾಟಿದರೆ ಅಲ್ಲಿ ರಿಟರ್ನ್ ಸಲ್ಲಿಸಬೇಕು. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದರೆ ಪ್ರತ್ಯೇಕ ವರದಿಯೂ ಬೇಕು. ಇಲ್ಲಿನ ತೆರಿಗೆ ಕಟ್ಟಿದ ಮೇಲೆ ಅಲ್ಲಿಯದೇಕೆ ಎಂದು ಬಿಟ್ಟವರು ಐ-864ಕ್ಕೆ ಹಿಂದಿನ ವರ್ಷದ ರಿಟರ್ನ್ ಲಗತ್ತಿಸಬೇಕಾದಾಗ ಪೇಚಿಗೆ ಬೀಳುತ್ತಾರೆ. ಬೇಕೆಂದೇ ಬಿಟ್ಟಿರದವರಿಗೆ ಸ್ಟ್ರೀಮ್‌ಲೈನ್ಡ್ ಎಂಬ ವಿಧಾನವಿದೆ: ಮೂರು ವರ್ಷದ ರಿಟರ್ನ್, ಆರು ವರ್ಷದ ಖಾತೆ ವರದಿ ಒಟ್ಟಿಗೆ ಸಲ್ಲಿಸಬಹುದು. ಇದನ್ನು ಪಿಟಿಷನ್ ಹಾಕಿದ ವಾರವೇ ಶುರುಮಾಡುವುದು ಒಳ್ಳೆಯದು.

ವರಮಾನ ಬಡತನ ರೇಖೆಯ ಶೇ. 125 ಇರಬೇಕು, 2025ರ ಪಟ್ಟಿಯಲ್ಲಿ ಇಬ್ಬರ ಕುಟುಂಬಕ್ಕೆ ಅದು 26,437 ಡಾಲರ್ ಆಗಿತ್ತು. ಹೊರಟ ದಿನ ನಿಂತುಹೋಗುವ ಹೈದರಾಬಾದಿನ ಸಂಬಳವನ್ನು ಇದಕ್ಕೆ ನೆಚ್ಚಲಾಗದು. ಬದಲಿಗೆ ಆಸ್ತಿ ತೋರಿಸಬಹುದು. ಪೌರರ ಸಂಗಾತಿಯಾದರೆ ಕೊರತೆಯ ಮೂರು ಪಟ್ಟು ಬೆಲೆಯ, ವರ್ಷದೊಳಗೆ ನಗದಾಗುವ ಆಸ್ತಿ ಸಾಕು.

ಅರ್ಜಿಯ ನಡೆ ಹೀಗಿದೆ. ಮೊದಲು ಐ-130 ಪಿಟಿಷನ್, ಅದು ಮಂಜೂರಾದ ಮೇಲೆ ನ್ಯಾಷನಲ್ ವೀಸಾ ಸೆಂಟರಿನಲ್ಲಿ ಶುಲ್ಕ ಮತ್ತು ದಾಖಲೆ, ಕೊನೆಗೆ ಸಂದರ್ಶನ. ಕಾನ್ಸುಲೇಟ್ ಊರಲ್ಲೇ ಇದೆಯಲ್ಲ ಎಂದು ಇಲ್ಲಿನವರಿಗೆ ಅನ್ನಿಸುವುದು ಸಹಜ. 2023ರ ಮಾರ್ಚ್‌ವರೆಗೆ ಅದು ಬೇಗಂಪೇಟೆಯ ಪೈಗಾ ಅರಮನೆಯಲ್ಲಿತ್ತು, ಈಗ ನಾನಕ್‌ರಾಮ್‌ಗೂಡದಲ್ಲಿದೆ. ಆದರೆ ವಲಸೆ ವೀಸಾದ ಸಂದರ್ಶನಕ್ಕೆ ಮುಂಬೈಗೆ ಹೋಗಬೇಕು. ಪೊಲೀಸ್ ಕ್ಲಿಯರೆನ್ಸ್ ಕೊಡುವ ಪಾಸ್‌ಪೋರ್ಟ್ ಕಚೇರಿ ಮಾತ್ರ ಸಿಕಂದರಾಬಾದಿನಲ್ಲೇ ಇರುವುದು ಅನುಕೂಲ. ಹಳೆಯ ಹೈದರಾಬಾದ್ ಸಂಸ್ಥಾನ 1956ರಲ್ಲಿ ಹಂಚಿಹೋದದ್ದರಿಂದ ಇಲ್ಲಿನ ಕನ್ನಡ ಮನೆಗಳ ಕಾಗದಪತ್ರಗಳೂ ಹಂಚಿಹೋಗಿವೆ: ವಾಸ ಇಲ್ಲಿ, ಜನನ ಪತ್ರ ಕಲಬುರಗಿಯಲ್ಲೋ ಬೀದರಿನಲ್ಲೋ. ಅದು ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ದೃಢೀಕೃತ ಅನುವಾದ ಬೇಕು. ಮುಂಬೈಯಲ್ಲಿ ಡೊಮಿಸೈಲಿನ ಪುರಾವೆ ಸಾಲದೆಂದು ಕಂಡರೆ 221(ಜಿ) ಕಲಮಿನಡಿ ವೀಸಾ ತಡೆದು ಇನ್ನಷ್ಟು ದಾಖಲೆ ಕೇಳುತ್ತಾರೆ. ಅದನ್ನು ಒದಗಿಸಲು ಒಂದು ವರ್ಷದ ಅವಕಾಶವಿದೆ, ಆದ್ದರಿಂದ ಅಲ್ಲಿಗೆ ಎಲ್ಲ ಮುಗಿಯಿತೆಂದು ಎದೆಗುಂದಬೇಕಿಲ್ಲ.

ಪೌರತ್ವವಿಲ್ಲದೆ ಗ್ರೀನ್ ಕಾರ್ಡ್ ಮಾತ್ರ ಇರುವವರು ಇಲ್ಲೇ ನೆಲೆಸಿ ಸ್ಪಾನ್ಸರ್ ಮಾಡಹೊರಟರೆ ಡೊಮಿಸೈಲಿಗಿಂತ ಮೊದಲು ಅವರ ಕಾರ್ಡೇ ಪ್ರಶ್ನೆಗೆ ಒಳಗಾಗಬಹುದು. ವರ್ಷ ಮೀರಿ ಹೊರಗಿರುವವರು ರೀ-ಎಂಟ್ರಿ ಪರ್ಮಿಟ್ ಪಡೆದಿರಬೇಕು, ಅದರ ಅರ್ಜಿಯನ್ನು ಅಮೆರಿಕದಲ್ಲಿದ್ದಾಗಲೇ ಹಾಕಿರಬೇಕು. ಕೆನಡಾದಲ್ಲೂ ಇದೇ ಭೇದವಿದೆ: ಪೌರರು ಹೊರಗಿದ್ದುಕೊಂಡೇ ಸಂಗಾತಿಯನ್ನು ಸ್ಪಾನ್ಸರ್ ಮಾಡಬಹುದು, ಸಂಗಾತಿ ಖಾಯಂ ನಿವಾಸಿಯಾಗುವಾಗ ತಾವೂ ಅಲ್ಲಿ ವಾಸಿಸುತ್ತೇವೆಂದು ತೋರಿಸಬೇಕು, ಖಾಯಂ ನಿವಾಸಿಗಳು ಮಾತ್ರ ಕೆನಡಾದಲ್ಲೇ ಇರಬೇಕು. ಬ್ರಿಟನ್ ಹಣದ ಕಡೆಯಿಂದ ಬಿಗಿ. 2024ರ ಏಪ್ರಿಲ್ 11ರಿಂದ ವಾರ್ಷಿಕ ವರಮಾನದ ಮಿತಿ 18,600 ಪೌಂಡಿನಿಂದ 29,000ಕ್ಕೆ ಏರಿತು. ಹೊರದೇಶದಿಂದ ಮರಳುವ ಸ್ಪಾನ್ಸರ್ ಸಂಬಳದ ಆಧಾರದ ಮೇಲೆ ಅರ್ಹರಾಗಬೇಕಾದರೆ ಮರಳಿದ ಮೂರು ತಿಂಗಳೊಳಗೆ ಶುರುವಾಗುವ ಕೆಲಸ ಕೈಯಲ್ಲಿರಬೇಕು.

ವೀಸಾ ಬಂದ ಮೇಲೆ ಸಂಗಾತಿಯನ್ನು ಮೊದಲು ಕಳಿಸಿ, ಪ್ರಾಜೆಕ್ಟ್ ಮುಗಿಸಿ ಹಿಂದಿನಿಂದ ಹೋಗುವ ಏರ್ಪಾಡು ಅನೇಕ ಮನೆಗಳಲ್ಲಿ ನಡೆಯುತ್ತದೆ. ಇದು ಕೂಡದು; ಸ್ಪಾನ್ಸರ್ ಮುಂಚೆ ಹೋಗಬೇಕು ಅಥವಾ ಜೊತೆಯಲ್ಲಿ. ಪ್ರವೇಶದ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡು. ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಷರತ್ತು ತೆಗೆಸಲು ಐ-751 ನಮೂನೆ ಸಲ್ಲಿಸಬೇಕು. ಅಫಿಡವಿಟ್ಟಿನ ಹೊಣೆಯಾದರೋ ಸಂಗಾತಿ ಪೌರತ್ವ ಪಡೆಯುವವರೆಗೆ ಅಥವಾ ಅವರ ಲೆಕ್ಕಕ್ಕೆ 40 ತ್ರೈಮಾಸಿಕಗಳ ದುಡಿಮೆ ಜಮೆಯಾಗುವವರೆಗೆ ಮುಂದುವರಿಯುತ್ತದೆ. ವಿಚ್ಛೇದನ ಅದನ್ನು ಕೊನೆಗಾಣಿಸುವುದಿಲ್ಲ. ಅಲ್ಲಿಯವರೆಗೆ ಸ್ಪಾನ್ಸರ್ ಮನೆ ಬದಲಿಸಿದಾಗಲೆಲ್ಲ 30 ದಿನಗಳೊಳಗೆ ಐ-865 ನಮೂನೆಯಲ್ಲಿ ಹೊಸ ವಿಳಾಸ ತಿಳಿಸಬೇಕು.

ಇತಿ,
ಹಿರಿಯರೊಬ್ಬರು