ಗುಂಡಿಲ್ಲದ ಈಡೂ ಅಪಾಯವೇ

ಪತ್ರದ ಸಾರ: ರೋಣ ತಾಲ್ಲೂಕಿನ ರೈತರೊಬ್ಬರು ಗೋವಿನಜೋಳಕ್ಕೆ ನುಗ್ಗುವ ಹಂದಿ ಓಡಿಸಲು, ತೀರಿಕೊಂಡ ತಂದೆಯ ನಾಡಬಂದೂಕಿನಿಂದ ರಾತ್ರಿ ಬರೀ ಮದ್ದು ಹಾರಿಸುತ್ತಾರೆ. ಪಕ್ಕದ ಹೊಲದ ಮನೆಯವರು ಪೊಲೀಸರಿಗೆ ದೂರುವುದಾಗಿ ಹೇಳಿದ್ದಾರೆ.

ವಕೀಲರ ಉತ್ತರ: ಇಂದೇ ಹಾರಿಸುವುದನ್ನು ನಿಲ್ಲಿಸಿ.

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬೆಳೆ ರಕ್ಷಣೆಗೆ ಇಂಥ ಬಂದೂಕಿನ ಪರವಾನಗಿ ಸಿಗುತ್ತದೆ. ಆದರೆ ತಂದೆಯ ಪರವಾನಗಿ ಮಗನಿಗೆ ತಾನಾಗಿ ಬರುವುದಿಲ್ಲ. ಸ್ಥಳೀಯ ವಕೀಲರೊಬ್ಬರ ಜೊತೆ ಠಾಣೆಗೆ ಹೋಗಿ ಬಂದೂಕು ಒಪ್ಪಿಸಿ, ರಸೀದಿ ಪಡೆಯಿರಿ. ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆಪತ್ರದೊಂದಿಗೆ ಗದಗ ಜಿಲ್ಲಾಧಿಕಾರಿಗೆ ಹೊಸ ಪರವಾನಗಿಗಾಗಿ ಅರ್ಜಿ ಕೊಡಿ.

ಪರವಾನಗಿ ಬಂದರೂ ಮನೆಗಳ ಹತ್ತಿರ ಈಡು ಬೇಡ. ಗುಂಡಿಲ್ಲದಿದ್ದರೂ ನಳಿಗೆಯಿಂದ ಹೊತ್ತಿದ ಬಟ್ಟೆಯುಂಡೆ ಚಿಮ್ಮುತ್ತದೆ. ಕಣಿಕೆ ಬಣವೆಗೆ ಅಷ್ಟೇ ಸಾಕು. ಒಳಗುಳಿದ ಕಿಡಿ, ಮತ್ತೆ ಮದ್ದು ತುಂಬುವಾಗ ಅದನ್ನು ಕೈಯಲ್ಲೇ ಸಿಡಿಸಬಹುದು. ನಿರ್ಲಕ್ಷ್ಯದಿಂದ ಹಾರಿಸಿ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ನರಗುಂದ, ಗಜೇಂದ್ರಗಡದ ಮದುವೆ–ಜಾತ್ರೆಗಳಲ್ಲಿ ಸಂಭ್ರಮಕ್ಕೆ ಹಾರಿಸುವವರಿಗೂ ಇದೇ ಕಾನೂನು.

ಹಂದಿ ತಡೆಗೆ ಸೌರಬೇಲಿ ಹಾಕಿಸಿ. ಮನೆಯ ಕರೆಂಟನ್ನು ಬೇಲಿಗೆ ಕೊಡಲೇಬೇಡಿ. ಹಾನಿಯ ಫೋಟೊ, ಪಹಣಿ ಹಿಡಿದು ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿ. ನೆರೆಯವರಿಗೆ ಈ ಕ್ರಮಗಳನ್ನು ನೀವೇ ತಿಳಿಸಿ. ಪೊಲೀಸ್ ನೋಟಿಸ್ ಬಂದರೆ ಹೇಳಿಕೆ ಕೊಡುವ ಮೊದಲು ವಕೀಲರನ್ನು ಕಾಣಿ.